ಚಕ್ರ ಆಮೇಲೆ

ನಮ್ಮ ಮನೆಯವರನ್ನು ನಾನು ಮೊದಲು ಕಂಡದ್ದು ಒಂದು ಛತ್ರಿ ಅಂಗಡಿಯಲ್ಲಿ. ಹೊರಗೆ ಸುಡುಬಿಸಿಲು. ಇವರು ಅಂಗಡಿಯ ನಟ್ಟನಡುವೆ ನಿಂತು ಚಪ್ಪರದಷ್ಟು ದೊಡ್ಡ ಕರಿ ಛತ್ರಿಯೊಂದನ್ನು ಬಿಚ್ಚಿದರು. ಅದರ ಕಡ್ಡಿ ನನ್ನ ಜಡೆಗೆ ಸಿಕ್ಕಿಕೊಂಡಿತು. ಬಿಡಿಸುತ್ತಾ, "ಕ್ಷಮಿಸಿ, ಇಬ್ಬರಿಗೆ ಸಾಲುತ್ತಾ ಅಂತ ನೋಡ್ತಿದ್ದೆ" ಎಂದರು. "ಇನ್ನೊಬ್ಬರೆಲ್ಲಿ?" ಎಂದೆ. "ಇನ್ನೂ ಸಿಕ್ಕಿಲ್ಲ. ಛತ್ರಿ ಮೊದಲೇ ಇರಲಿ ಅಂತ." ನಾಳೆಯ ಯೋಚನೆಯನ್ನು ನಾಳೆಯೇ ಮಾಡುವ ಮನೆಯಲ್ಲಿ ಬೆಳೆದವಳು ನಾನು. ಇಂಥ ದೂರದೃಷ್ಟಿಗೆ ಅಲ್ಲೇ ಮರುಳಾದೆ.

ಅದರ ಬೆಲೆ ಆಮೇಲೆ ತಿಳಿಯಿತು. ಇವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಎಂದೋ ಆಗಬಹುದಾದ್ದನ್ನು ಯೋಚಿಸುವುದಕ್ಕೇ ಸಂಬಳ. ನಮ್ಮ ಮನೆಯ ಮೆಟ್ಟಿಲು ಇನ್ನೂ ಇಲ್ಲದ ಮಹಡಿಗೆ ಹೋಗುತ್ತದೆ. ಆ ಮಹಡಿಗೆಂದು ತಾರಸಿಯಲ್ಲಿ ಬಿಟ್ಟ ಕಬ್ಬಿಣದ ಕಂಬಿಗಳು ತುಕ್ಕು ಹಿಡಿದು ನಿಂತಿವೆ. ನಾನು ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇನೆ.

ನಾನಿರುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಸೋಮವಾರದಿಂದ ಬೆಳಗಿನ ಪಾಳಿಯ ಉಸ್ತುವಾರಿ ನನಗೆ ಎಂದಿದ್ದರು. ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಅಂದಿದ್ದರು. ಅಷ್ಟು ಬೆಳಿಗ್ಗೆ ಬಸ್ಸಿಲ್ಲ. ದಾರಿ ಉದ್ದ, ನೇರ, ಒಳ್ಳೆಯ ಡಾಂಬರು. ಬಾಗಿದ ಹ್ಯಾಂಡಲ್ಲಿನ, ಹಗುರವಾದ ರೋಡ್ ಸೈಕಲ್ ಕೊಳ್ಳೋಣ ಎಂದೆ. ಆರಿಸುವ ಕೆಲಸವನ್ನು ಇವರು ಕಿತ್ತುಕೊಂಡರು. ಭಾನುವಾರ ಮಧ್ಯಾಹ್ನ ಚಪ್ಪಟೆ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು, ಅಂಟುಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಒಳಗಿನದನ್ನು ಕೂಸಿನಂತೆ ಎತ್ತಿಕೊಂಡರು.

ನಾನು: ಏನ್ರೀ ಇದು?

ಅವರು: ಸೈಕಲ್.

ನಾನು: ಚಕ್ರ?

ಅವರು: ಆಮೇಲೆ.

ಅತ್ತೆ (ಹೊಲಿಗೆ ಯಂತ್ರ ನಿಲ್ಲಿಸಿ): ಏಣಿ ಯಾಕೋ ತಂದೆ? ಅದೂ ಮುರಿದಿರೋದು?

ಅವರು: ಏಣಿ ಅಲ್ಲಮ್ಮ, ಫ್ರೇಮು. ಸೈಕಲ್ಲಿನ ಬೆನ್ನುಮೂಳೆ. ಚಕ್ರ, ಗೇರು, ಬ್ರೇಕು, ಇವನ್ನೆಲ್ಲ ಮುಂದೆ ಯಾವಾಗ ಬೇಕಾದ್ರೂ ಬದಲಾಯಿಸ್ಕೋಬಹುದು. ಫ್ರೇಮ್ ಮಾತ್ರ ಮೊದಲೇ ಒಳ್ಳೇದಿರಬೇಕು. ತಿಳಿದೋರೆಲ್ಲ ಇದನ್ನೇ ಹೇಳೋದು.

ನಾನು: ಬದಲಾಯಿಸೋಕೆ ಮೊದಲು ಒಂದು ಇರಬೇಕಲ್ರೀ?

ಅವರು: ಈಗ ಸಾಧಾರಣ ಚಕ್ರ ಹಾಕಿ, ಆರು ತಿಂಗಳಿಗೆ ಅದನ್ನ ಕಿತ್ತು ಒಳ್ಳೇದು ಹಾಕೋದು ದಂಡ ತಾನೆ? ನೇರವಾಗಿ ಒಳ್ಳೇದೇ ಹಾಕೋಣ.

ನಾನು: ಅಲ್ಲೀತನಕ ನಾನು ಇದನ್ನ ಹೊತ್ಕೊಂಡು ಹೋಗ್ಲಾ?

ಅವರು: ಎಷ್ಟು ಹಗುರ ಇದೆ, ಎತ್ತಿ ನೋಡು!

ಎತ್ತಿದೆ. ಹಗುರವಾಗಿಯೇ ಇತ್ತು. ಚಕ್ರವಿಲ್ಲದ ಮೇಲೆ ಯಾವ ಸೈಕಲ್ಲಾದರೂ ಹಗುರವೇ. ಚಕ್ರಗಳಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತೋ ಅಷ್ಟಕ್ಕೆ ಇವರು ಅದನ್ನು ಹಿಡಿದು ತೋರಿಸಿದರು. ಮೇಲಿನ ಕೊಳವೆ ನನ್ನ ಹೊಕ್ಕುಳಿಗೆ ತಾಗಿತು.

ನಾನು: ಇದು ಯಾರ ಅಳತೆ?

ಅವರು: ಒಂದು ಅಳತೆ ದೊಡ್ಡದೇ ತಗೊಂಡೆ. ಮುಂದೆ ನಾನೂ ಓಡಿಸಬಹುದು ಅಂತ.

ನಾನು: ನೀವಾ? ಬೀದಿ ಕೊನೇಲಿರೋ ಕ್ಷೌರದಂಗಡಿ ದೂರ ಅಂತ ಕೂದಲು ಬಿಟ್ಕೊಂಡು ಕೂತಿದ್ದೀರಿ!

ಅವರು: ಮುಂದೆ ಅಂದೆ.

ನಾನು: ನಾನೂ ಮುಂದೆ ಉದ್ದ ಬೆಳೀತೀನಾ, ಈ ವಯಸ್ಸಲ್ಲಿ?

ಅವರು: ಸೀಟು ಇಳಿಸಿದ್ರಾಯ್ತು.

ನಾನು: ಸೀಟೆಲ್ಲಿ?

ಅವರು: ಅದೂ... ಆಮೇಲೆ.

ಅತ್ತೆ: ಇವನು ಚಿಕ್ಕೋನಿದ್ದಾಗ ಅಂಗೀನ ಎರಡು ಅಳತೆ ದೊಡ್ಡದಾಗೇ ಹೊಲೀತಿದ್ದೆ ಕಣಮ್ಮ, ಬೆಳೀತಾನೆ ಅಂತ. ಅದು ಮೈಗೆ ಸರಿಹೋಗೋ ಹೊತ್ತಿಗೆ ಮೊಣಕೈ ಹರಿದಿರೋದು. ಹುಟ್ಟೋವಾಗ್ಲೂ ಅಷ್ಟೇ, ಹೇಳಿದ ದಿನಕ್ಕೆ ಬರಲಿಲ್ಲ. ಇನ್ನೂ ಸ್ವಲ್ಪ ತಯಾರಾಗೋಣ ಅಂತ ಒಳಗೇ ಕೂತಿದ್ದ.

ಅವರು: ಅಮ್ಮ, ನೀನು ಸುಮ್ನಿರು. ನೋಡಿಲ್ಲಿ, ಈ ಸಂದು ಎಷ್ಟು ಅಗಲ ಇದೆ. ಮುಂದೆ ದಪ್ಪ ಟೈರ್ ಹಾಕಬಹುದು. ಈ ತೂತು, ಮುಂದೆ ಬ್ಯಾಟರಿಯಿಂದ ನಡೆಯೋ ಗೇರು ಹಾಕಿದ್ರೆ ಅದರ ತಂತಿಗೆ. ಇದು ನೀರಿನ ಬಾಟಲಿಗೆ. ಇದು ಎರಡನೇ ಬಾಟಲಿಗೆ.

ನಾನು: ಒಟ್ಟಿನಲ್ಲಿ ತೂತು ಕೊಂಡ್ಕೊಂಡು ಬಂದ್ರಿ.

ಅತ್ತೆ: ಜರಡಿ ತಂದಿದ್ರೆ ಇನ್ನೂ ಜಾಸ್ತಿ ಸಿಗ್ತಿದ್ವು.

ಅವರು: ಛೆ! ನಿಮ್ಮಿಬ್ಬರಿಗೂ ದೂರದ ಯೋಚನೆಯೇ ಇಲ್ಲ.

ನಾನು: ನನಗಿರೋದೇ ದೂರದ ಯೋಚನೆ. ಲ್ಯಾಬು ದೂರ ಇದೆ. ನಾಳೆ ಬೆಳಿಗ್ಗೆ ಜನ ಖಾಲಿ ಹೊಟ್ಟೇಲಿ ಬಾಗಿಲಲ್ಲಿ ಸಾಲು ನಿಂತಿರ್ತಾರೆ. ಏನು ಹೇಳ್ಲಿ ಅವರಿಗೆ? ಸದ್ಯಕ್ಕೆ ಫ್ರೇಮ್ ಬಂದಿದೆ, ನಾನು ಆಮೇಲೆ ಬರ್ತೀನಿ ಅಂತಲಾ?

ಅವರು: ನಾಳೆ ಒಂದಿನ ಹೇಗಾದ್ರೂ ನಡ್ಕೊಂಡು...

ನಾನು: ಇಷ್ಟು ವರ್ಷ ಬೇರೆಯೋರು ತೆಗೆದ ಬಾಗಿಲಲ್ಲಿ ಒಳಗೆ ಹೋದೋಳು ನಾನು. ಬೀಗದ ಕೈ ಈಗ ನನ್ನ ಕೈಗೆ ಬಂದಿದೆ. ಇನ್ನೊಂದು ಸಲ ಆಮೇಲೆ ಅಂದ್ರೆ, ತಾರಸಿ ಕಂಬಿ ಮೇಲೆ ನಿಮ್ಮನ್ನೇ ಒಣಹಾಕ್ತೀನಿ!

ಅತ್ತೆ: ಹಿಂಡಿ ಹಾಕು. ಬೇಗ ಒಣಗ್ತಾನೆ.

ಫ್ರೇಮನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಹೊರಟೆ. ಇವರು ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಓಡಿ ಬಂದರು. ಸೈಕಲ್ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಜಗಳದ ಮೊದಲ ಸಾಲು ನನ್ನ ನಾಲಗೆಯ ತುದಿಯಲ್ಲಿತ್ತು. ಅಂಗಡಿಯವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಅಂಗಡಿಯವರು: ಬನ್ನಿ ಮೇಡಂ, ನಿಮ್ಮ ದಾರೀನೇ ನೋಡ್ತಿದ್ದೆ. ನಿಮ್ಮದು ಅಲ್ಲಿದೆ ನೋಡಿ.

ಮೂಲೆಯಲ್ಲೊಂದು ನೀಲಿ ಸೈಕಲ್ ನಿಂತಿತ್ತು. ಎರಡು ಚಕ್ರ, ಬಾಗಿದ ಹ್ಯಾಂಡಲ್, ಸೀಟು, ಗೇರು, ಬ್ರೇಕು, ಗಂಟೆ. ಫ್ರೇಮನ್ನು ಕೆಳಗಿಟ್ಟು ಹತ್ತಿ ಕೂತೆ. ಎರಡೂ ಕಾಲ ಬೆರಳು ನೆಲಕ್ಕೆ ತಾಗಿದವು.

ನಾನು: ಇದು ನನ್ನದು ಅಂತ ಯಾರು ಹೇಳಿದ್ದು?

ಅಂಗಡಿಯವರು: ಸಾರೇ. ಮನೇಲಿ ಫ್ರೇಮ್ ಒಪ್ಪದಿದ್ರೆ ಬದಲಿಗೆ ಇದನ್ನ ಕೊಡಿ, ಸಂಜೇತನಕ ಯಾರಿಗೂ ಮಾರಬೇಡಿ ಅಂತ ಹೇಳಿ ಹೋಗಿದ್ರು.

ತಿರುಗಿ ನೋಡಿದೆ. ಇವರು ಪೆಟ್ಟಿಗೆಯ ಹಿಂದೆ ಅರ್ಧ ಅಡಗಿದ್ದರು.

ನಾನು: ಇದು ಇಲ್ಲಿರೋವಾಗ ಆ ಫ್ರೇಮನ್ನ ಯಾಕ್ರೀ ಮನೆಗೆ ಹೊತ್ಕೊಂಡು ಬಂದ್ರಿ?

ಅವರು: ಅಕಸ್ಮಾತ್ ಒಪ್ಕೊಂಡ್ರೆ ಅಂತ.

ನಾನು: ಒಪ್ಪದಿದ್ರೆ?

ಅವರು: ಬೈತೀಯ, ವಾಪಸ್ ಎತ್ಕೊಂಡು ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಅಲ್ವಾ ಪೆಟ್ಟಿಗೆ ಹರೀದ ಹಾಗೆ ಬಿಚ್ಚಿದ್ದು?

ಬೈಯಲು ಬಾಯಿ ತೆರೆದೆ. ಬೈಗುಳವನ್ನೂ ಇವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆಂದ ಮೇಲೆ ಬೈದು ಪ್ರಯೋಜನವೇನು? ಗಂಟೆ ಬಾರಿಸಿ ಹೊರಟೆ. ಹಿಂದಿನಿಂದ ಇವರ ದನಿ ಕೇಳುತ್ತಲೇ ಇತ್ತು: "ಅದಕ್ಕೆ ಮುಂದೆ ದಪ್ಪ ಟೈರ್ ಹಿಡಿಸಲ್ಲ ಕಣೇ!"

ಈಗ ನಾನು ದಿನಾ ಬೆಳಿಗ್ಗೆ ಆ ನೀಲಿ ಸೈಕಲ್ಲಿನಲ್ಲಿ ಹೋಗಿ ಲ್ಯಾಬಿನ ಬಾಗಿಲು ತೆಗೆಯುತ್ತೇನೆ. ಇವರು ನನಗಿಂತ ಮೊದಲೇ ಎದ್ದು, ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು ಟೈರಿಗೆ ಗಾಳಿ ಹಾಕಿಕೊಡುತ್ತಾರೆ. ನಾಳೆಯ ಗಾಳಿಯನ್ನು ಇವತ್ತೇ ಹಾಕಿಡಲು ಬರುವುದಿಲ್ಲವಲ್ಲ ಎನ್ನುವುದೊಂದೇ ಅವರ ಕೊರಗು.