ಹಳೆಯ ಹೆಡರ್ ಫೈಲೂ ಬಚ್ಚಿಟ್ಟ ಕುಂಬಳಕಾಯಿಯೂ

ತಪ್ಪು ಹುಡುಕುವುದರಲ್ಲಿ ನಾನು ಗಟ್ಟಿಗ. ತಪ್ಪು ಬೇರೆಯವರದಾಗಿರಬೇಕು, ಅಷ್ಟೆ. ಸ್ಕೂಟರಿನ ಕೀಲಿ ಕಾಣದಿದ್ದರೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ವಿಚಾರಣೆ ಮಾಡುತ್ತೇನೆ. ಅದು ಸ್ಕೂಟರಿನಲ್ಲೇ ನೇತಾಡುತ್ತಿರುವುದನ್ನು ಅಷ್ಟರಲ್ಲಿ ವಿಜಯನಗರದ ನಮ್ಮ ಬೀದಿಯೆಲ್ಲ ನೋಡಿರುತ್ತದೆ. ಇಂಥವನಿಗೆ ಹೆಬ್ಬಾಳದ ಸಣ್ಣ ಕಾರ್ಖಾನೆಯೊಂದು ತೂಕದ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ ಕೊಟ್ಟಿತ್ತು.

ಆ ವರ್ಷ ಆಯುಧಪೂಜೆಯ ದಿನವೇ ಹೊಸ ಯಂತ್ರವೊಂದು ಒಂದು ಕಿಲೋ ಸಕ್ಕರೆ ತೂಗಿ ಮೂರ್ಛೆ ಹೋಗತೊಡಗಿತು. ಹಬ್ಬದ ರಜೆ ಮುಗಿದ ಬೆಳಿಗ್ಗೆ ಅದನ್ನು ಒಯ್ಯಲು ಲಾರಿ ಬರುವುದಿತ್ತು. ಸಿದ್ಧವಾಗಿರುತ್ತದೆಂದು ಮಾಲೀಕರಿಗೆ ಮಾತು ಕೊಟ್ಟವನು ನಾನು. ಪ್ರೋಗ್ರಾಮಿನ ತಪ್ಪು ಹಿಡಿಯಲು ಡಿಬಗ್ಗರ್ ಬೇಕು; ಅದನ್ನು ಸಿ.ಡಿ.ಯಿಂದ ತೆಗೆದು ಕಂಪೈಲ್ ಮಾಡಹೊರಟರೆ, ಅಂದರೆ ಕಂಪ್ಯೂಟರಿನ ಭಾಷೆಗೆ ಇಳಿಸಹೊರಟರೆ, ಪರದೆಯ ತುಂಬ ಬೈಗುಳ. ಯಾವ ಹೆಸರಿಗೆ ಏನರ್ಥವೆಂದು ಮೊದಲೇ ಬರೆದಿಡುವ ಪಟ್ಟಿಗೆ ಹೆಡರ್ ಫೈಲ್ ಎನ್ನುತ್ತಾರೆ. ಒಂದೇ ಹೆಸರಿನ ಎರಡು ಪಟ್ಟಿಗಳು ನನ್ನ ಕಂಪ್ಯೂಟರಿನಲ್ಲಿ ಸೇರಿಕೊಂಡು, ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತಿತ್ತು. ಹಳೆಯದನ್ನು ಅಲ್ಲಿ ತುರುಕಿದ ಪುಣ್ಯಾತ್ಮ ಯಾರೆಂದು ಬೆಳಗಿನಿಂದ ಎಲ್ಲರಿಗೂ ಕೇಳುವಂತೆ ಶಪಿಸುತ್ತಿದ್ದೆ.

ಹೊರಗೆ ತೋರಣ ಕಟ್ಟಿಯಾಗಿತ್ತು. ಪೂಜೆ ಆದಮೇಲೆ ಯಾವ ಉಪಕರಣವನ್ನೂ, ಕಂಪ್ಯೂಟರನ್ನು ಕೂಡ, ಮುಟ್ಟುವಂತಿಲ್ಲ. ಆಗ ಸ್ಟೋರ್ ನೋಡಿಕೊಳ್ಳುವ ಮಹದೇವಪ್ಪನವರು ಒಳಗೆ ಬಂದು, ಪೂಜೆಯಲ್ಲಿ ಒಡೆಯಬೇಕಾಗಿದ್ದ ಬೂದುಗುಂಬಳವನ್ನು ನನ್ನ ಮೇಜಿನ ಕೆಳಗೆ ಮೆಲ್ಲಗೆ ಉರುಳಿಸಿದರು.

“ಕುಂಬಳಕಾಯಿ ಇನ್ನೂ ಬಂದಿಲ್ಲ ಅಂದ್ಬುಟ್ಟಿದೀನಿ ಸಾರ್. ಅರ್ಧ ಗಂಟೇಲಿ ಮುಗಿಸ್ಕೊಳಿ.”

ಒಂದು ಸ್ಕ್ರೂ ಬೇಕೆಂದರೂ ಚೀಟಿ ಕೇಳುವ ಮನುಷ್ಯ ನನಗಾಗಿ ಸುಳ್ಳು ಹೇಳಿದ್ದರು. ಅವರ ಸ್ಟೋರಿನಲ್ಲಿ ಪ್ರತಿ ಡಬ್ಬಕ್ಕೂ ಇಟ್ಟವರ ಹೆಸರಿರುತ್ತದೆ. ಈ ಹಳೆಯ ಪಟ್ಟಿಗೆ ಅಂಥದ್ದೇನೂ ಇಲ್ಲವೇ ಎಂದು ಕೇಳಿದರು. ತೆರೆದು ನೋಡಿದೆ. ಮೊದಲ ಸಾಲಿನಲ್ಲೇ ಇಂಗ್ಲಿಷಿನಲ್ಲಿ, ಸದ್ಯಕ್ಕೆ ಇಲ್ಲಿರಲಿ, ಆಮೇಲೆ ತೆಗೆಯುತ್ತೇನೆ ಎಂದಿತ್ತು. ಕೆಳಗೆ ನನ್ನ ಹೆಸರು. ಮಹದೇವಪ್ಪನವರು ಅದನ್ನು ಓದಿ, ತೋರಣ ಸರಿಯಾಗಿದೆಯೇ ಎಂದು ಕಿಟಕಿಯಾಚೆ ನೋಡತೊಡಗಿದರು.

ಆ ಫೈಲನ್ನು ಅಲ್ಲಿಂದ ತೆಗೆದ ಕೂಡಲೇ ಕಂಪೈಲರ್ ಸುಮ್ಮನಾಯಿತು. ತಯಾರಾದ ಡಿಬಗ್ಗರ್ ಯಂತ್ರದ ತಪ್ಪನ್ನೂ ತೋರಿಸಿಕೊಟ್ಟಿತು. ಅದೂ ನಾನು ಬರೆದ ಸಾಲೇ. ಅರ್ಧ ಗಂಟೆ ಒಂದೂವರೆ ಗಂಟೆಯಾಗಿತ್ತು, ಪುರಿ ಕಡಲೆಗೆ ಕಾದವರ ಮುಖ ಕಪ್ಪಿಟ್ಟಿತ್ತು. ಆದರೆ ಸಕ್ಕರೆ ಸರಿಯಾಗಿ ತೂಗಿತು, ಕುಂಬಳಕಾಯಿಯೂ ಬಂತು.

ಹಳೆಯ ಪಟ್ಟಿಯನ್ನು ಅಳಿಸಲು ಮಾತ್ರ ನನಗೆ ಮನಸ್ಸಾಗಲಿಲ್ಲ. ಮುಂದೆ ಬೇಕಾದೀತೆಂದು ಪೂಜೆಗೆ ಮೊದಲೇ ಫ್ಲಾಪಿಗೆ ಹಾಕಿ ಮಹದೇವಪ್ಪನವರ ಕೈಗೆ ಕೊಟ್ಟೆ. ಅವರು ಅದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟು, ಕಪಾಟಿನಿಂದ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಒಳಗೆ ನನ್ನವೇ ಹನ್ನೊಂದು ಫ್ಲಾಪಿಗಳು. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಅವರ ದುಂಡನೆಯ ಅಕ್ಷರ: ‘ಸಾರ್ ಆಮೇಲೆ ತೆಗೆಯುತ್ತಾರೆ.’