ಹತ್ತಕ್ಕೆ ಮೋಟರು ಆಫಿಸು

ಇಪ್ಪತ್ತಾರು ವರ್ಷದಿಂದ ಅಚ್ಚುಕೂಟದಲ್ಲಿ ಕೂತು ಘನ ಪಂಡಿತರ ಕಾಗುಣಿತ ತಿದ್ದಿದವನು ನಾನು. ನನ್ನ ಕೆಂಪು ಪೆನ್ನು ಕಂಡರೆ ಪ್ರೊಫೆಸರುಗಳೂ ಗಡಗಡ ನಡುಗುತ್ತಾರೆ! ಹಾಗಂತ ನಾನಂತೂ ನಂಬಿದ್ದೇನೆ. ಇಂಥವನ ಮನೆಯಲ್ಲೇ ಭಾಷೆ ಕೆಟ್ಟು ಕೂತರೆ ಹೇಗೆ ಸ್ವಾಮಿ? ಕಳೆದ ಬುಧವಾರ ಬೆಳಗ್ಗೆ ಕಾಫಿ ಲೋಟ ಟಕ್ಕೆಂದು ಕೆಳಗಿಟ್ಟು ಘೋಷಿಸಿಯೇಬಿಟ್ಟೆ.

"ಇವತ್ತಿನಿಂದ ಈ ಮನೆಯಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ ಅಂಟಿಸಿ ಯಾರೂ ಮಾತಾಡಕೂಡದು!"

ಯಾರೂ ಅಂದರೆ ಅಮ್ಮ.

ಅಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಓದಿದ್ದು ನಾಲ್ಕನೇ ಕ್ಲಾಸು. ಡಾಕ್ಟರು, ನರ್ಸುಗಳ ಬಾಯಿಂದ ಉದುರಿದ ಇಂಗ್ಲಿಷನ್ನೆಲ್ಲ ಆರಿಸಿಕೊಂಡು ಬಂದು ತನ್ನದೇ ಒಂದು ವ್ಯಾಕರಣ ಕಟ್ಟಿದ್ದಳು. ಅದರಲ್ಲಿ ಎರಡೇ ಸೂತ್ರ. ವಸ್ತುವಾದರೆ 'ಉ' ಹಚ್ಚು: ಫ್ಯಾನು, ಬೆಡ್ಡು, ಬಲ್ಬು. ಕೆಲಸವಾದರೆ 'ಇಸು' ಹಚ್ಚು: ಬಾಗಿಲು ಲಾಕಿಸು, ಬಟ್ಟೆ ವಾಶಿಸು, ಫ್ಯಾನು ಆಫಿಸು. ಲೋಕವೆಲ್ಲ 'ಲಾಕ್ ಮಾಡು, ವಾಶ್ ಮಾಡು' ಅಂತ ಎರಡೆರಡು ಪದ ಬಳಸುವಾಗ ಅಮ್ಮ ಒಂದರಲ್ಲೇ ಕೆಲಸ ಮುಗಿಸುತ್ತಿದ್ದಳು.

"ಮತ್ತೆ ಏನಂತ ಹೇಳಲೋ?" ಅಂದಳು.

"ಆರಿಸು ಅನ್ನು, ನಿಲ್ಲಿಸು ಅನ್ನು. ಬರದಿದ್ದರೆ ಸುಮ್ಮನಿರು!"

ಆ ಕೊನೇ ಮಾತು ಬಾಯಿ ತಪ್ಪಿ ಬಂತು. ಅಮ್ಮ ಅದನ್ನೇ ಹಿಡಿದುಕೊಂಡಳು. ಸುಮ್ಮನಾಗಿಬಿಟ್ಟಳು.

ನನ್ನವಳು ಅಡುಗೆಮನೆಯಿಂದಲೇ ಶುರು ಮಾಡಿದಳು. "ರೀ, ಎಪ್ಪತ್ತೆಂಟು ವರ್ಷದ ನಾಲಿಗೇನ ಈಗ ತಿದ್ದೋಕೆ ಹೊರಟಿದೀರಲ್ಲ, ನಿಮ್ಮ ಕೆಲಸಕ್ಕೆ ಏನಂತಾರೆ?"

"ಪ್ರೂಫ್ ನೋಡೋದು ಅಂತಾರೆ."

"ಪ್ರೂಫು! ಅದೇನು ನಿಮ್ಮ ತಾತ ಬಿಟ್ಟುಹೋದ ಪದಾನಾ?"

"ಅದು ವೃತ್ತಿಯ ಪದ ಕಣೇ!"

"ಅತ್ತೇದೂ ವೃತ್ತೀದೇ. ಆಸ್ಪತ್ರೇದು."

ನಾನು ಪೇಪರಿನೊಳಗೆ ತಲೆ ಹುದುಗಿಸಿದೆ.

ಗುರುವಾರ, ಶುಕ್ರವಾರ, ಶನಿವಾರ ಅಮ್ಮನದು ತುಟಿ ಪಿಟಕ್ಕೆನ್ನದ ಮೌನ. ಮನೆ ಬಿಕೋ ಅನ್ನುತ್ತಿತ್ತು. ಹೇಳಲೇಬೇಕಾದದ್ದಿದ್ದರೆ ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದಳು. ನಾನು ಬಾಯಿ ಮುಚ್ಚು ಅಂದಿದ್ದೆನೇ ಹೊರತು ಕೈ ಕಟ್ಟು ಅಂದಿರಲಿಲ್ಲವಲ್ಲ!

ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ತರಕಾರಿಗೆ ಹೋಗಿದ್ದರು. ಕನ್ನಡಿಯ ಮೇಲೊಂದು ಚೀಟಿ: 'ಹತ್ತಕ್ಕೆ ಮೋಟರು ಆಫಿಸು.'

ತಲೆ ಒರೆಸುವುದನ್ನೂ ಬಿಟ್ಟು ಕೆಂಪು ಪೆನ್ನು ಹುಡುಕಿದೆ. 'ಫಿ'ಗೆ ದೀರ್ಘ ಎಳೆದೆ. ಆಫೀಸು! ನೋಡಿ, ಒಂದು ದೀರ್ಘದಿಂದ ಅರ್ಥ ಹೇಗೆ ಬೆಳಗಿತು! ಅಚ್ಚುಕೂಟದ ವ್ಯಾನನ್ನು ಅಮ್ಮ ಕರೆಯುವುದು ಮೋಟರು ಅಂತಲೇ. ಹತ್ತಕ್ಕೆ ಮೋಟರು ಬರುತ್ತೆ, ಆಫೀಸಿಗೆ ಹೋಗಬೇಕು. ನಾನು ಸ್ನಾನದಲ್ಲಿದ್ದಾಗ ಮಾಲೀಕರು ಫೋನಿಸಿರಬೇಕು. ಛೆ, ಫೋನ್ ಮಾಡಿರಬೇಕು! ಭಾನುವಾರವೂ ನಾನಿಲ್ಲದೆ ಅಲ್ಲಿ ಹುಲ್ಲುಕಡ್ಡಿ ಅಲುಗುವುದಿಲ್ಲ ಅಂತ ಉಬ್ಬಿಹೋದೆ.

ಇಸ್ತ್ರಿ ಶರ್ಟು, ಪಾಲಿಶ್ ಬೂಟು ಹಾಕಿ, ಬಾಗಿಲು ಎಳೆದುಕೊಂಡು ಹೊರಟೆ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ನನ್ನ ಬೀಗದ ಕೈ ಒಳಗೇ ಉಳಿಯಿತು.

ಬೀದಿ ಮೂಲೆಯಲ್ಲಿ ನಿಂತೆ. ಹತ್ತಾಯಿತು, ಹತ್ತೂವರೆಯಾಯಿತು, ವ್ಯಾನಿನ ಸುಳಿವಿಲ್ಲ. ಕೆಲಸವಿಲ್ಲದೆ ನಿಂತವನಿಗೆ ಹಳೆಯದೆಲ್ಲ ನೆನಪಾಯಿತು. ಸಂಜೆ ಅಮ್ಮ ವಾರ್ಡಿನಿಂದ ಬರುವಾಗ ಮೈಯೆಲ್ಲ ಫಿನಾಯಿಲಿನ ವಾಸನೆ, ಬಾಯಲ್ಲೊಂದು ಹೊಸ ಪದ. "ಇವತ್ತು 'ಅಡ್ಜಸ್ಟಿಸು' ಕಲಿತೆ ಕಣೋ!" ನನಗೆ ಜ್ವರ ಬಂದರೆ ಹಣೆ ಮುಟ್ಟಿ, "ಟೆಂಪರೇಚರು ಡೌನಿಸಿದೆ, ಮಲಕ್ಕೋ" ಅನ್ನುತ್ತಿದ್ದಳು. ಆ ಮಾತು ಕೇಳಿದರೇ ಅರ್ಧ ಜ್ವರ ಇಳಿಯುತ್ತಿತ್ತು. ಒಮ್ಮೆ ಶಾಲೆಯ ಪ್ರಬಂಧದಲ್ಲಿ 'ನಾನು ದಿನಾ ಹಲ್ಲು ಬ್ರಷ್ಷಿಸುತ್ತೇನೆ' ಅಂತ ಬರೆದು ಸೊನ್ನೆ ತಗೊಂಡೆ. ಕ್ಲಾಸೆಲ್ಲ ನಕ್ಕಿತು. ಅಳುತ್ತಾ ಬಂದವನ ಕಣ್ಣೊರೆಸಿ ಅಮ್ಮ ಹೇಳಿದ್ದಳು, "ಅದು ನಮ್ಮನೆ ಮಾತು ಕಣೋ ಪೆದ್ದ. ಹೊರಗಿನವರಿಗೆ ಯಾಕೆ ಕೊಟ್ಟೆ?"

ಅಂಥವಳಿಗೆ ಸುಮ್ಮನಿರು ಅಂದೆನಲ್ಲ! ನಾಲ್ಕು ದಿನವಾಯಿತು ಅವಳ ದನಿ ಕೇಳಿ.

ಕೊನೆಗೆ ಮಾಲೀಕರಿಗೆ ಫೋನ್ ಮಾಡಿದೆ. "ಸಾರ್, ವ್ಯಾನು?"

"ಯಾವ ವ್ಯಾನ್ರೀ? ಭಾನುವಾರ ಇವತ್ತು! ನಾನಿನ್ನೂ ಹಾಸಿಗೇನೇ ಬಿಟ್ಟಿಲ್ಲ!"

ಹಾಗಾದರೆ ಮೋಟರು ಅಂದರೆ? ನೀರಿನ ಮೋಟರು! ಆಫಿಸು ಅಂದರೆ ಆಫಿಸೇ!

ಓಡಿಬಂದೆ. ಟ್ಯಾಂಕು ತುಂಬಿ ಉಕ್ಕಿ, ತಾರಸಿಯಿಂದ ನೀರು ಧೋ ಅಂತ ಬೀಳುತ್ತಿದೆ. ಅರ್ಧ ನನ್ನ ಕೋಣೆಯ ಕಿಟಕಿಯೊಳಗೆ! ಅಲ್ಲಿ ಮೇಜಿನ ಮೇಲೆ ಮುನ್ನೂರು ಪುಟದ ವ್ಯಾಕರಣ ಪುಸ್ತಕದ ಪ್ರೂಫು. ಮೋಟರಿನ ಸ್ವಿಚ್ಚು ಒಳಗೆ, ನಾನು ಹೊರಗೆ. ಹೊರಮೆಟ್ಟಿಲು ಹತ್ತಿ, ನೀರು ಉಕ್ಕುವ ಕೊಳವೆಗೆ ಎರಡೂ ಅಂಗೈ ಒತ್ತಿದೆ. ನೀರು ಟ್ಯಾಂಕಿನ ಮುಚ್ಚಳವನ್ನೇ ಹಾರಿಸಿಕೊಂಡು ನನ್ನ ಮುಖಕ್ಕೇ ಚಿಮ್ಮಿತು.

ಅಷ್ಟರಲ್ಲಿ ಗೇಟು ಕಿರ್ ಅಂದಿತು. ಅತ್ತೆ ಸೊಸೆ!

"ಅಮ್ಮಾ! ಮೋಟರು ಆಫಿಸು! ಬೇಗ ಆಫಿಸಮ್ಮಾ!"

ಅಮ್ಮ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದಳು. ಅಂತೂ ಬಾಯಿ ಬಿಟ್ಟಳು. "ಏನಂದೆ? ತಿಳೀಲಿಲ್ಲ. ಚೊಕ್ಕ ಕನ್ನಡದಲ್ಲಿ ಹೇಳಪ್ಪ."

"ಜಲ... ಜಲಯಂತ್ರವನ್ನು ಸ್ಥಗಿತ..." ಅಷ್ಟಕ್ಕೇ ಬಾಯ್ತುಂಬ ನೀರು.

ನನ್ನವಳು ತರಕಾರಿ ಚೀಲ ಅಲ್ಲೇ ಬಿಟ್ಟು ಹೊಟ್ಟೆ ಹಿಡಿದುಕೊಂಡು ಕೂತಳು. ಅಮ್ಮ ನಿಧಾನವಾಗಿ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಹೋದಳು. ಮೋಟರು ನಿಂತಿತು. ನಾನು ತೊಟ್ಟಿಕ್ಕುತ್ತಾ ಇಳಿಯುವಷ್ಟರಲ್ಲಿ ಟವೆಲು ಹಿಡಿದು ನಿಂತಿದ್ದಳು.

"ತಪ್ಪಾಯ್ತಮ್ಮ. ನಿನಗೆ ಹೇಗೆ ಬರುತ್ತೋ ಹಾಗೇ ಮಾತಾಡು. ನೀನು ಮಾತಾಡದಿದ್ದರೆ ನನ್ನ ಕೈಲಾಗಲ್ಲ."

ಅಮ್ಮ ನನ್ನ ತಲೆಯನ್ನು ಗಸಗಸ ಒರೆಸಿದಳು. ಆಮೇಲೆ ಸೊಸೆಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು.

"ಇವನು ಹುಟ್ಟಿದಾಗ ಮೂರೇ ದಿನಕ್ಕೆ ಡಿಸ್ಚಾರ್ಜಿಸಿಬಿಟ್ಟರು ಕಣಮ್ಮ. ಇನ್ನೊಂದು ವಾರ ಇಟ್ಟುಕೊಂಡು ತಲೆ ಚೆಕ್ಕಿಸಬೇಕಿತ್ತು!"