ಗ್ರಿಲ್ಲಿನ ಸೂಜಿಗೆ ತಪಾಸಣೆ

ಅಳಿಯನಿಗೆ ಅಡುಗೆ ಬಾರದಿರುವುದು ಅಪರಾಧವೇನಲ್ಲ. ಆದರೆ ಕಡರನಾಯಕನಹಳ್ಳಿಯ ನನ್ನ ಮಾವ ಗಿಡ್ಡಪ್ಪನವರು ಹರಿಹರದ ಮದುವೆಯೊಂದರಲ್ಲಿ, ತುಂಬಿದ ಪಂಕ್ತಿಯಲ್ಲಿ, "ನಮ್ಮ ಪರಶುರಾಮ್‌ಗೆ ನೀರು ಕಾಯ್ಸಕ್ಕೂ ಬರಲ್ಲ" ಎಂದುಬಿಟ್ಟರು. ಎಲೆ ಮುಂದೆ ಕೂತವನ ಮಾನ ಹೀಗೆ ಹೋಗಬಹುದೇ? "ಬರೋ ಭಾನುವಾರ ದಾವಣಗೆರೆಗೆ ಬರ್ರಿ, ನನ್ನ ಕೈಯಾರೆ ಕೋಳಿ ಸುಟ್ಟು ಬಡಿಸ್ತೀನಿ" ಎಂದು ಭೀಷಣ ಪ್ರತಿಜ್ಞೆ ಮಾಡಿ, ಎಲೆಕ್ಟ್ರಾನಿಕ್ ಗ್ರಿಲ್ ತರಿಸಿದೆ.

ಅದಕ್ಕೊಂದು ಉದ್ದನೆಯ ಸೂಜಿ. ಕೋಳಿಗೆ ಚುಚ್ಚಿ, ಅದರ ವೈರನ್ನು ಗ್ರಿಲ್ಲಿಗೆ ಸಿಕ್ಕಿಸಿದರೆ ಮಾಂಸದೊಳಗಿನ ಶಾಖ ಪರದೆಯ ಮೇಲೆ ಕಾಣುತ್ತದೆ. ಎಪ್ಪತ್ತೈದು ಡಿಗ್ರಿ ಮುಟ್ಟಿದೊಡನೆ ಕೂಗುತ್ತದೆ. (ಕೂಗುವುದು ಯಂತ್ರ, ಕೋಳಿಯಲ್ಲ.)

ಭಾನುವಾರ ಕೋಳಿ ಕೆಂಪಗಾಗುತ್ತ ಬಂದರೂ ಸೂಜಿ ಮಾತ್ರ ಇಪ್ಪತ್ತೆಂಟರಲ್ಲೇ ಧ್ಯಾನಸ್ಥ. ಮಾವ ಹರಿಹರದಲ್ಲಿ ಬಸ್ಸು ಹತ್ತಿ ಆಗಿತ್ತು.

"ಪೂಜೆ ಮಾಡ್ತೀನಂತ ಎಲ್ಲಾ ತೂತಿಗೂ ಕುಂಕುಮ ಮೆತ್ತಿದ್ರಲ್ಲ, ಅದಕ್ಕ ಹಿಂಗಾಗೈತೆ" ಎಂದಳು ಹೆಂಡತಿ ಪ್ರೇಮಲತಾ. ನೋಡಿದರೆ ನಿಜ, ವೈರು ಸಿಕ್ಕಿಸುವ ತೂತಿನ ತುಂಬ ಕುಂಕುಮ. ಪ್ಲಗ್ ಕಿತ್ತು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸಿದೆ.

ಸರಿಯಾಯಿತೋ ಇಲ್ಲವೋ ಪರೀಕ್ಷಿಸಬೇಕಲ್ಲ! ಕುದಿಯುವ ನೀರಿಗೆ ಅದ್ದಿ ನೋಡಿ ಎಂದಿತ್ತು ಗ್ರಿಲ್ಲಿನ ಜೊತೆ ಬಂದ ಪುಸ್ತಕ. ನೀರೇಕೆ? ಆರೋಗ್ಯವಂತನ ಮೈಯೇ ಮೂವತ್ತೇಳು ಡಿಗ್ರಿ. ಪ್ಲಗ್ ಮತ್ತೆ ಹಾಕಿ, ಸೂಜಿಯನ್ನು ತೊಳೆದು, ತಣಿಸಿ, ಕಂಕುಳಲ್ಲಿಟ್ಟುಕೊಂಡೆ. ಮೂವತ್ತೊಂಬತ್ತೂವರೆ! ಸೂಜಿ ಎರಡೂವರೆ ಡಿಗ್ರಿ ಸುಳ್ಳು ಹೇಳುತ್ತದೆಂದು ಕಂಪನಿಗೆ ಫೋನ್ ಮಾಡಿ ಗುಡುಗಿದೆ.

"ಸರ್, ಸೂಜಿ ಎಲ್ಲಿ ಇಟ್ಟಿದ್ದೀರಿ?" ಎಂದಿತು ಹೆಣ್ಣುದನಿ.

"ಕಂಕುಳಲ್ಲಿ."

"ಕೋಳಿದಾ ಸರ್?"

"ನಂದಮ್ಮ!"

ಆ ಹುಡುಗಿ ಫೋನ್ ಇಟ್ಟುಬಿಟ್ಟಳು.

ಪ್ರೇಮಲತಾ ನನ್ನ ಹಣೆ ಮುಟ್ಟಿ ನೋಡಿ ಗಾಬರಿಯಾದಳು. "ಅಯ್ಯೋ, ಮೈ ಕಾದ ಹೆಂಚಾದಂಗ್ ಐತೆ! ಬೆಳಗ್ಗಿಂದ ನಡುಗ್ತಿದ್ರಿ, ನಾನು ಅಪ್ಪ ಬರ್ತಾನಂತ ಹೆದ್ರಿಕೆ ಇರಬೇಕು ಅನ್ಕೊಂಡೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ, ಸೂಜಿನ ಬೈತೀರಲ್ಲ! ನಡೀರಿ, ಮಲಗ್ರಿ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ಜ್ವರವೂ ಹಿತವೆನಿಸಿತು.

ಕಂಕುಳು ಕಂಡ ಸೂಜಿ ಕೋಳಿಗೆ ನಿಷಿದ್ಧವಾಯಿತು. ಅರೆಬೆಂದ ಕೋಳಿ ಅವಳ ಸಾರಿನ ಪಾತ್ರೆ ಸೇರಿತು. ಮಾವ ಉಂಡು ತೇಗಿದ್ದು ನನ್ನ ಕೋಣೆಯವರೆಗೂ ಕೇಳಿಸಿತು. ಆಮೇಲೆ ತಾವೇ ಗಂಜಿಯ ಬಟ್ಟಲು ಹಿಡಿದು ಬಂದು, ಪಕ್ಕದಲ್ಲಿ ಕೂತು, ಚಮಚದಲ್ಲಿ ಕುಡಿಸಿದರು. ಮದುವೆಮನೆಯ ಸಿಟ್ಟೆಲ್ಲ ಇಳಿದುಹೋಯಿತು.

"ಅಳಿಯಂದ್ರೇ, ಯಂತ್ರ ಬಾಳ ಚಲೋ ಐತೆ ಬಿಡ್ರಿ" ಎಂದರು.

ನಾನು ಜ್ವರ ಮರೆತು ಎದ್ದು ಕೂತೆ.

"ನಮ್ಮೂರಾಗ ಯಾರಿಗಾದ್ರೂ ಜ್ವರ ಬಂದ್ರೆ ತಗಂಡ್ ಹೋಗ್ತೀನಿ. ಕೋಳಿ ಗೀಳಿ ಇಟ್ಟು ಕೆಡಿಸಬ್ಯಾಡ್ರಿ."